ರಕ್ತಬೀಜ ಹುಟ್ಟಿದ್ದು ಹೇಗೆ: ನನ್ನ ಅನುಭವ

ಮೂರು ವರ್ಷ ಒದ್ದಾಡಿದ ಮೇಲೆ ಕಳೆದ ನವರಾತ್ರಿಯಲ್ಲಿ ನಮ್ಮ ಹವ್ಯಾಸಿ ಯಕ್ಷಗಾನ ಸಂಘದ ದೇವಿ ಮಹಾತ್ಮೆ ಆಟದಲ್ಲಿ, ಬಿದ್ದ ರಕ್ತದ ಹನಿಹನಿಗೂ ಮತ್ತೊಬ್ಬನಾಗಿ ಏಳುವ ಅಸುರ ರಕ್ತಬೀಜ, ತೆರೆಯ ಮೇಲಿನ ನೆರಳಿನಲ್ಲಿ ಒಬ್ಬನಿದ್ದವನು ನಾಲ್ವರಾದ. ತೆರೆಯ ಹಿಂದೆ ಕುಣಿದದ್ದು ಒಬ್ಬನೇ ಹುಡುಗ. ಆಗುವುದಿಲ್ಲ ಅಂದವರೆಲ್ಲ ಅವತ್ತು ಎದುರಿಗೇ ಕೂತಿದ್ದರು. ಆಮೇಲಿಂದ ಬೇರೆ ಸಂಘದವರು ಕೇಳುತ್ತಲೇ ಇದ್ದಾರೆ, ಒಬ್ಬೊಬ್ಬರಿಗೆ ಹೇಳುವ ಬದಲು ಒಮ್ಮೆ ಬರೆದುಬಿಡುತ್ತೇನೆ.

ತೆಂಕುತಿಟ್ಟಿನಲ್ಲಿ, ಅಂದರೆ ಯಕ್ಷಗಾನದ ತೆಂಕಣ ಶೈಲಿಯಲ್ಲಿ, ವೇಷ ಮಾಡುವವರಿಗೆ ಕಷ್ಟ ಏನು ಅಂತ ಗೊತ್ತಿದೆ. ಮಹಿಷಾಸುರನಿಗೆ ಎಲ್ಲವೂ ಇದೆ. ಸಭೆಯ ಹಿಂದಿನಿಂದ ಬರುವ ದೊಂದಿಯ ಪಂಜು, ರಾಳದ ಪುಡಿ ಎರಚಿದಾಗ ಏಳುವ ಬೆಂಕಿ, ಚೆಂಡೆಯ ಅಬ್ಬರ, ಕೊಂಬು. ಮಕ್ಕಳು ಅಮ್ಮನ ಸೆರಗಿನೊಳಗೆ ಹೋಗುತ್ತಾರೆ. ಚಂಡ ಮುಂಡರಿಗೆ ಗಿರಗಿರ ತಿರುಗಿ ಹಾರುವ ಧೀಂಗಿಣ ಇದೆ, ದೇವಿಗೆ ಉಯ್ಯಾಲೆ ಇದೆ. ರಕ್ತಬೀಜನಿಗೆ ಇರುವುದು ಮಾತು. ಒಳ್ಳೆಯ ಅರ್ಥಧಾರಿ ಸಿಕ್ಕಿದರೆ ಅರ್ಧ ಗಂಟೆ ಯಾರೂ ಏಳುವುದಿಲ್ಲ, ಒಪ್ಪುತ್ತೇನೆ. ಆದರೆ ಯುದ್ಧದ ಏರುಪದ್ಯ ಶುರುವಾದ ಮೇಲೆ ಏನು? ವೇಷ ಕಟ್ಟುವ ಚೌಕಿಯಲ್ಲಿ ಖಾಲಿ ಕೂತ ಇಬ್ಬರು ಹುಡುಗರಿಗೆ ಮುಂಡಾಸು ಸುತ್ತಿ ಓಡಿಸುತ್ತಿದ್ದೆವು. ಅವರು ಎರಡು ಸುತ್ತು ಕುಣಿದು ಒಳಗೆ ಹೋದರೆ ಸಾವಿರ ರಕ್ತಬೀಜರು ಸತ್ತ ಲೆಕ್ಕ.

ಅದು ನನಗೆ ಸಣ್ಣ ವಯಸ್ಸಿನಿಂದಲೂ ಸರಿ ಕಾಣುತ್ತಿರಲಿಲ್ಲ. ಈ ಕಥೆಯ ಮೂಲವಾದ ಸಪ್ತಶತಿಯ ಎಂಟನೇ ಅಧ್ಯಾಯ ಓದಿ ನೋಡಿ. ದೇವಿಯ ಕಡೆಯ ಶಕ್ತಿದೇವತೆಗಳಲ್ಲಿ ಮೊದಲು ಐಂದ್ರಿ ವಜ್ರದಿಂದ ಹೊಡೆಯುತ್ತಾಳೆ, ರಕ್ತ ಸುರಿಯುತ್ತದೆ, ಬಿದ್ದ ಹನಿಯಿಂದ ಅದೇ ರೂಪ, ಅದೇ ಬಲದವರು ಏಳುತ್ತಾರೆ. ವೈಷ್ಣವಿ ಚಕ್ರ ಬಿಡುತ್ತಾಳೆ, ಇನ್ನಷ್ಟು ಜನ. ಕೌಮಾರಿಯ ಶಕ್ತ್ಯಾಯುಧ, ವಾರಾಹಿಯ ಖಡ್ಗ, ಮಾಹೇಶ್ವರಿಯ ತ್ರಿಶೂಲ, ಒಂದೊಂದು ಹೊಡೆತಕ್ಕೂ ಅಸುರರು ಜಾಸ್ತಿಯೇ ಆಗುತ್ತಾರೆ. ಲೋಕವೆಲ್ಲ ಅವನೇ ತುಂಬಿದ, ದೇವತೆಗಳಿಗೆ ಭಯ ಬಂತು ಅಂತ ಇದೆ. ಆಯುಧ ಇದ್ದಷ್ಟೂ ಸೋಲು. ಈ ಹೆದರಿಕೆ ಸಭೆಗೆ ತಟ್ಟಬೇಕು. ಆಮೇಲೆ ಚಂಡಿಕೆ ಕಾಳಿಗೆ ಬಾಯಿ ಅಗಲಿಸು, ಬೀಳುವ ರಕ್ತವನ್ನೂ ಹುಟ್ಟಿದ ಅಸುರರನ್ನೂ ನುಂಗು ಅನ್ನುತ್ತಾಳಲ್ವಾ, ಆ ಒಂದು ಮಾತಿಗೆ ಮೈ ಜುಮ್ ಅನ್ನಬೇಕು. ಅಸುರ ಇಬ್ಬರು ಹುಡುಗರಷ್ಟೇ ಆದರೆ ದೇವಿಯ ಶಕ್ತಿ ಎಲ್ಲಿ ಕಂಡೀತು?

ಮೊದಲ ವರ್ಷ ಪ್ರೊಜೆಕ್ಟರ್ ತಂದೆ. ಒಂದು ರಾತ್ರಿಗೆ ಬಾಡಿಗೆ 2,500 ರೂಪಾಯಿ. ಅಸುರರ ಚಿತ್ರ ಓಡಿಸಲು ಪರಿಚಯದ ಹುಡುಗನೊಬ್ಬನಿಗೆ 1,500 ಕೊಟ್ಟು ವಿಡಿಯೋ ಮಾಡಿಸಿದ್ದೆ. ಬೆಳಕು ಎದುರಿನಿಂದ ಬಂತು, ವೇಷಗಳ ಮುಖದ ಮೇಲೆಯೇ ಚಿತ್ರ ಬಿತ್ತು. ದೇವಿಯ ಮುಖದ ಮೇಲೆ ಅಸುರನ ಮೀಸೆ. ನಡುವೆ ಕರೆಂಟ್ ಹೋಗಿ ಬಂದಾಗ ಪರದೆ ಪೂರ್ತಿ ನೀಲಿ. ಹಾಡುವ ಭಾಗವತರು ಪದ್ಯ ನಿಲ್ಲಿಸಲಿಲ್ಲ, ಅದೊಂದು ಪುಣ್ಯ. ಮರುದಿನ ಹೇಳಿದರು, “ಮಾರಾಯ, ಇನ್ನು ಮೇಲೆ ಇಂಥದ್ದು ತಂದರೆ ನಾನು ಜಾಗಟೆ ಮುಟ್ಟುವುದಿಲ್ಲ.” ಹೇಳಿದ್ದು ಸರಿಯೇ. ಯಕ್ಷಗಾನದ ಪಕ್ಕದಲ್ಲಿ ಸಿನಿಮಾ ಇಟ್ಟರೆ ಎರಡೂ ಸಾಯುತ್ತವೆ.

ನೆರಳಿನ ಯೋಚನೆ ಬಂದದ್ದು ಮನೆಯಂಗಳದಲ್ಲಿ. ಅಡಿಕೆ ಸುಲಿಯುವಾಗ ಎರಡು ಬಲ್ಬು ಹಾಕಿದ್ದೆವು, ಗೋಡೆಯ ಮೇಲೆ ಒಬ್ಬೊಬ್ಬರಿಗೂ ಎರಡು ನೆರಳು. ಎರಡು ದೀಪಕ್ಕೆ ಎರಡು ನೆರಳಾದರೆ ಎಂಟು ದೀಪಕ್ಕೆ ಎಂಟು ಆಗಬೇಕು ಅಂತ ಲೆಕ್ಕ ಹಾಕಿ, ಯಾರನ್ನೂ ಕೇಳದೆ ಎಂಟು ಎಲ್‌ಇಡಿ ಫ್ಲಡ್‌ಲೈಟ್ ತಂದೆ. ಸುಮಾರು 5,000 ಹೋಯಿತು. ಬಿಳಿ ತೆರೆಯ ಹಿಂದೆ ಸಾಲಾಗಿ ಇಟ್ಟು ಹುಡುಗನನ್ನು ನಿಲ್ಲಿಸಿದರೆ ತೆರೆಯ ಮೇಲೆ ಏನೂ ಇಲ್ಲ, ನೀರು ಮಜ್ಜಿಗೆಯ ಹಾಗೆ ಒಂದು ಮಬ್ಬು.

ಎರಡು ತಪ್ಪು ಆಗಿತ್ತು. ಫ್ಲಡ್‌ಲೈಟಿನ ಮುಖ ಅಗಲ, ಅಗಲದ ದೀಪಕ್ಕೆ ನೆರಳಿನ ಅಂಚು ಕರಗುತ್ತದೆ. ಚುಕ್ಕಿಯಷ್ಟು ಸಣ್ಣ ಬೆಳಕು ಬೇಕು. ಎರಡನೆಯದು, ಒಂದು ದೀಪ ಮಾಡಿದ ನೆರಳಿನ ಮೇಲೆ ಉಳಿದ ಏಳು ದೀಪ ಬೆಳಕು ಚೆಲ್ಲುತ್ತವೆ. ದೀಪ ಜಾಸ್ತಿ ಆದಷ್ಟೂ ನೆರಳು ತೆಳು. ಇದು ತಿಳಿಯಲು ನನಗೆ ಒಂದು ಮಳೆಗಾಲ ಬೇಕಾಯಿತು. ಆ ಲೈಟುಗಳಲ್ಲಿ ಆರನ್ನು ಅರ್ಧ ಬೆಲೆಗೆ ಮಾರಿದೆ, ಎರಡು ಈಗ ಕೊಟ್ಟಿಗೆಯಲ್ಲಿವೆ.

ಸಣ್ಣ ಬೆಳಕಿಗೆ ದಾರಿ ತೋರಿಸಿದ್ದು ಗ್ಯಾರೇಜಿನ ಗೆಳೆಯ. ಬೈಕಿನ ಹೆಡ್‌ಲೈಟಿನ ಹಳೇ ಹ್ಯಾಲೋಜನ್ ಬಲ್ಬು, 12 ವೋಲ್ಟ್, 35 ವಾಟ್. ಹಿಂದಿನ ಹೊಳಪಿನ ಬಟ್ಟಲು ಬೇಡ, ಬರೀ ಬಲ್ಬು. ತಂತಿ ಅಕ್ಕಿಕಾಳಿನಷ್ಟು, ನೆರಳು ಕತ್ತಿಯಲ್ಲಿ ಕೊಯ್ದ ಹಾಗೆ. ಒಂದಕ್ಕೆ 100 ರೂಪಾಯಿ ಆಸುಪಾಸು. ಎಂಟರ ಆಸೆ ಬಿಟ್ಟು ನಾಲ್ಕಕ್ಕೆ ನಿಲ್ಲಿಸಿದೆ. ಒಬ್ಬ ಸದಸ್ಯರ ಮನೆಯ ಇನ್ವರ್ಟರ್ ಬ್ಯಾಟರಿ ಕೇಳಿ ತಂದೆವು. ನಾಲ್ಕೂ ಸೇರಿ ಹನ್ನೆರಡು ಆಂಪಿಯರ್ ಹತ್ತಿರ ಎಳೆಯುತ್ತವೆ. ಇದನ್ನು ಲೆಕ್ಕ ಹಾಕದೆ ಸಪೂರ ವೈರು ಎಳೆದದ್ದಕ್ಕೆ ಮೊದಲ ಅಭ್ಯಾಸದ ದಿನ ವೈರಿನ ಮೇಲಿನ ಪ್ಲಾಸ್ಟಿಕ್ ಕರಗಿ ಚೌಕಿ ಪೂರ್ತಿ ಸುಟ್ಟ ವಾಸನೆ. ಪಕ್ಕದಲ್ಲೇ ವೇಷದ ಪೆಟ್ಟಿಗೆ ಇತ್ತು, ಇವತ್ತಿಗೂ ನೆನೆದರೆ ಕೈ ನಡುಗುತ್ತದೆ. ದಪ್ಪ ವೈರು ಹಾಕಿ, ಬ್ಯಾಟರಿಯ ಹತ್ತಿರವೇ ಫ್ಯೂಸ್ ಹಾಕಿ. ಇದರಲ್ಲಿ ಮಾತ್ರ ದುಡ್ಡು ಉಳಿಸಬೇಡಿ.

ಆಮೇಲಿನ ಸೋಲು ಅಳತೆಯದ್ದು. ದೀಪದಿಂದ ತೆರೆಗೆ 12 ಅಡಿ. ವೇಷ ತೆರೆಯಿಂದ 5 ಅಡಿ ಹಿಂದೆ. ಇಷ್ಟು ಹಿಂದೆ ನಿಂತರೆ ಮಾತ್ರ ನಾಲ್ಕು ನೆರಳು ಬಿಡಿಬಿಡಿಯಾಗಿ ಕಾಣುತ್ತವೆ, ತೆರೆಗೆ ಅಂಟಿ ನಿಂತರೆ ಎಲ್ಲ ಸೇರಿ ಒಂದೇ. ಆದರೆ ಹಿಂದೆ ಹೋದಷ್ಟೂ ನೆರಳು ದೊಡ್ಡದು. ಕಿರೀಟ, ಭುಜಕೀರ್ತಿ ಕಟ್ಟಿದ ದೊಡ್ಡ ಆಳು ನಿಂತರೆ ತಲೆ ತೆರೆಯಿಂದ ಮೇಲೆ ಹೋಯಿತು, ತೋಳು ಪಕ್ಕದ ನೆರಳಿನೊಳಗೆ ಹೋಯಿತು. ಕೊನೆಗೆ ಒಂಬತ್ತನೇ ಕ್ಲಾಸಿನ ಸಪೂರ ಹುಡುಗನೊಬ್ಬನಿಗೆ ಅದೇ ಆಕಾರದ ಸಣ್ಣ ಮುಂಡಾಸು ಕಟ್ಟಿಸಿದೆ. ಮಾತು ನಮ್ಮ ಸಂಘದ ಹಿರಿಯ ಅರ್ಥಧಾರಿಯೊಬ್ಬರದ್ದು, ತೆರೆಯ ಮುಂದೆ. ಯುದ್ಧ ಹುಡುಗನದ್ದು, ತೆರೆಯ ಹಿಂದೆ. ಹಿರಿಯರಿಗೆ ಅರವತ್ತು ದಾಟಿದೆ, ಮೊಣಕಾಲು ನೋವು. “ನನಗೆ ಕುಣಿತ ಇಲ್ಲದೆ ರಕ್ತಬೀಜ ಸಿಕ್ಕಿದ್ದು ದೇವಿಯ ಕೃಪೆ ಮಾರ್ರೆ” ಅಂದರು.

ದೀಪಗಳ ನಡುವೆ ಐದೈದು ಅಡಿ. ತೆರೆ 18 ಅಡಿ ಅಗಲ. ಬಟ್ಟೆಗೆ 1,900 ಆಯಿತು ಅಂತ ನೆನಪು. ಹೊಲಿಗೆ ಅಡ್ಡಕ್ಕೆ ಹಾಕಿಸಿ. ಉದ್ದಕ್ಕೆ ಹಾಕಿಸಿದ್ದಕ್ಕೆ ನಮ್ಮ ಮೊದಲನೆಯ ತೆರೆಯಲ್ಲಿ ಅಸುರನ ಎದೆಯ ನಡುವೆ ಕಪ್ಪು ಗೆರೆ ಬಂತು, ಬಿಚ್ಚಿ ಮತ್ತೆ ಹೊಲಿಸಬೇಕಾಯಿತು.

ನೆರಳು ಕಪ್ಪಾಗಿದ್ದು ಹೇಗೆ ಅನ್ನೋದು ಎಲ್ಲರ ಪ್ರಶ್ನೆ. ಪ್ರತಿ ಬಲ್ಬಿಗೂ ತೆರೆಯ ತನ್ನ ಪಾಲು ಮಾತ್ರ ಸಿಗುವ ಹಾಗೆ ಮುಂದೆ ಅಡ್ಡ ಕೊಟ್ಟಿದ್ದೇನೆ. ಅಡ್ಡ ಯಾವುದರದ್ದು, ಎಷ್ಟು ಓರೆ ಅನ್ನೋದು ಬರೆಯುವುದಿಲ್ಲ. ಅದಕ್ಕೆ ಹತ್ತು ಹದಿನೈದು ರಾತ್ರಿ ನಿದ್ದೆ ಬಿಟ್ಟಿದ್ದೇನೆ. ನೀವೂ ಒಂದೆರಡು ರಾತ್ರಿ ಕೂತರೆ ಸಿಗುತ್ತದೆ. ರಕ್ತದ ಹನಿ ತೆರೆಯ ಮೇಲೆ ಕೆಂಪಾಗಿಯೇ ಇಳಿಯುತ್ತದಲ್ಲ, ಅದೂ ಸದ್ಯಕ್ಕೆ ನನ್ನ ಹತ್ತಿರವೇ ಇರಲಿ.

ಇದೇ ದೀಪದಲ್ಲಿ ಬೇರೆ ಏನೇನೋ ಮಾಡಿ ನೋಡಿದೆ. ದೇವತೆಗಳ ತೇಜಸ್ಸೆಲ್ಲ ಸೇರಿ ದೇವಿ ಮೂಡುವಾಗ ಅವಳ ಸಾವಿರ ತೋಳು ದಿಕ್ಕೆಲ್ಲ ತುಂಬಿತು ಅಂತ ಇದೆ. ದೀಪ ಹತ್ತಿರ ಹತ್ತಿರ ಇಟ್ಟರೆ ಮೈ ಒಂದೇ ಆಗಿ ತೋಳು ಮಾತ್ರ ಹಲವು ಆಗಬಹುದು ಅಂದುಕೊಂಡೆ. ಆಗುವುದಿಲ್ಲ. ತೋಳು ಸರಿದಷ್ಟೇ ತಲೆಯೂ ಸರಿಯುತ್ತದೆ, ದೇವಿಗೆ ನಾಲ್ಕು ತಲೆ ಬಂತು. ಬಿಟ್ಟೆ. ಮಹಿಷ ಸಾಯುವ ಮೊದಲು ಸಿಂಹ ಆಗುತ್ತಾನೆ, ಖಡ್ಗ ಹಿಡಿದ ಪುರುಷ ಆಗುತ್ತಾನೆ, ಆನೆ ಆಗುತ್ತಾನೆ, ಮತ್ತೆ ಕೋಣ ಆಗುತ್ತಾನೆ. ಇದನ್ನು ರಟ್ಟಿನಲ್ಲಿ ಕತ್ತರಿಸಿ ತೆರೆಗೆ ತಂದೆ, ಚೆನ್ನಾಗಿಯೇ ಬಂತು. ಆದರೆ ಮಹಿಷನ ಬಣ್ಣದ ವೇಷ ಮಾಡುವವರು ಬೇಡ ಅಂದರು. ಗಂಟೆಗಟ್ಟಲೆ ಕೂತು ಅಕ್ಕಿಹಿಟ್ಟಿನ ಚುಟ್ಟಿ ಇಟ್ಟ ಮುಖವನ್ನು ರಟ್ಟಿನ ಹಿಂದೆ ಅಡಗಿಸಬೇಡಿ ಅಂದರು. ಅವರ ಮಾತಿಗೆ ನನ್ನಲ್ಲಿ ಉತ್ತರ ಇರಲಿಲ್ಲ. ದೊಂದಿ ರಾಳದ ಮಹಿಷನಿಗೆ ನೆರಳು ಬೇಕಾಗಿಯೂ ಇಲ್ಲ.

ಮಧು ಕೈಟಭರದ್ದು ಮಾತ್ರ ಉಳಿಸಿಕೊಂಡೆವು. ಗಾಜಿನ ತಟ್ಟೆಯಲ್ಲಿ ಎರಡು ಬೆರಳು ನೀರು, ಕೆಳಗಿನಿಂದ ಒಂದು ಬಲ್ಬು. ಬೆರಳು ಆಡಿಸಿದರೆ ತೆರೆಯ ಮೇಲೆ ಕಡಲು. ಐದು ಸಾವಿರ ವರ್ಷ ನೀರಿನಲ್ಲಿ ನಡೆದ ಯುದ್ಧ ಅದು. ನೀರಿಲ್ಲದ ಜಾಗದಲ್ಲಿ ನಮ್ಮನ್ನು ಕೊಲ್ಲು ಅಂತ ಅವರು ಕೇಳಿದಾಗ ವಿಷ್ಣು ತೊಡೆಯ ಮೇಲೆ ಇಟ್ಟು ಕಡಿಯುತ್ತಾನಲ್ಲ, ಆ ಹೊತ್ತಿಗೆ ಬೆರಳು ತೆಗೆದು ನೀರು ನಿಲ್ಲಲು ಬಿಟ್ಟರಾಯಿತು. ಖರ್ಚು ಇಲ್ಲವೇ ಇಲ್ಲ, ತಟ್ಟೆ ಮನೆಯದ್ದು.

ಇನ್ನು ಕಾಳಿಯ ಬಾಯಿ. ಇದು ನನ್ನ ಇಡೀ ಕೆಲಸದಲ್ಲಿ ನನಗೇ ಜಾಸ್ತಿ ಇಷ್ಟವಾದದ್ದು. ಅಡಿಕೆ ಹಾಳೆಯಲ್ಲಿ ಮೇಲಿನ ದವಡೆ, ಕೆಳಗಿನ ದವಡೆ ಕತ್ತರಿಸಿ ಹಲ್ಲು ಬಿಡಿಸಿದೆ. ಹಾಳೆ ಇರುವುದು ಒಂದು ಮೊಳ. ಬಲ್ಬಿನಿಂದ ಒಂದಡಿ ಮುಂದೆ ಹಿಡಿದರೆ ತೆರೆಯ ಮೇಲೆ ಆಳೆತ್ತರಕ್ಕಿಂತ ದೊಡ್ಡದು. ದವಡೆ ಮುಚ್ಚಿದಾಗ ಆ ದೀಪದ ಬೆಳಕೇ ಮುಚ್ಚುತ್ತದೆ, ಹಲ್ಲಿನ ನಡುವೆ ಅಸುರ ಮಾಯ. ಸ್ವಿಚ್ಚು ಬೇಡ. ಮೊದಲು ನಾಲ್ಕು ಬೆರಳು ದೂರದಲ್ಲಿ ಹಿಡಿದು ಹಾಳೆ ಕರಟಿತು, ಅದಕ್ಕೇ ಒಂದಡಿ ಅಂದದ್ದು. ನಾಲ್ಕು ದೀಪಕ್ಕೆ ಇಬ್ಬರು ಹುಡುಗರು, ಓಡಿ ಹಿಡಿಯಬೇಕು.

ಆಟದ ದಿನ ಸಂಜೆ ಮಳೆ ಬಂತು. ತೆರೆಯ ಒಂದು ಮೂಲೆ ಒದ್ದೆ. ಹತ್ತು ಗಂಟೆಯ ಮೇಲೆ ಮೈಕು ಇಲ್ಲ, ನಮ್ಮದು ಮೂರೂವರೆ ಗಂಟೆಯ ಕಾಲಮಿತಿ ಆಟ, ಶುರುವಾಗುವಾಗಲೇ ಇಪ್ಪತ್ತು ನಿಮಿಷ ತಡ. ಯಾವುದಾದರೂ ಕಡಿಮೆ ಮಾಡೋಣ, ಆ ನೆರಳಿನದ್ದು ಬಿಡೋಣ ಅಂತ ಸಂಘದ ಒಬ್ಬರು ಚೌಕಿಗೆ ಬಂದು ಹೇಳಿದರು. ನಾನು ಜೋರಾಗಿಯೇ ಮಾತಾಡಿದೆ. ಬೇಕಾದರೆ ದೂತರ ಹಾಸ್ಯ ಕಡಿಮೆ ಮಾಡಿ, ಇದನ್ನು ಮುಟ್ಟಬೇಡಿ ಅಂದೆ.

ಅಂಗಳದ ಟ್ಯೂಬ್‌ಲೈಟ್ ಆರಿಸಲು ಒಬ್ಬನನ್ನು ಸ್ವಿಚ್ಚಿನ ಹತ್ತಿರವೇ ನಿಲ್ಲಿಸಿದ್ದೆ. ರಂಗದ ಕಾಲುದೀಪ ಮಾತ್ರ ಉರಿಯುತ್ತಿತ್ತು, ಅದನ್ನು ಆರಿಸುವ ಮಾತೇ ಇಲ್ಲ. ಮೊದಲು ಒಂದು ನೆರಳು. ಐಂದ್ರಿಯ ಪದ್ಯದ ಚೆಂಡೆಯ ಬಿಡ್ತಿಗೆಗೆ ಸರಿಯಾಗಿ ಎರಡನೇ ಬಲ್ಬು. ಇಬ್ಬರಾದರು. ಯಾರೋ “ಹೋ” ಅಂದರು. ವೈಷ್ಣವಿಗೆ ಮೂರು, ಕೌಮಾರಿಗೆ ನಾಲ್ಕು. ಹುಡುಗ ಗದೆ ಎತ್ತಿದರೆ ನಾಲ್ಕು ಗದೆ ಒಟ್ಟಿಗೆ ಏಳುತ್ತದೆ, ಒಂದು ಕೂದಲು ಹೆಚ್ಚು ಕಡಿಮೆ ಇಲ್ಲದೆ. ಅದೇ ರೂಪ, ಅದೇ ಬಲ ಅಂತ ಶ್ಲೋಕದಲ್ಲಿ ಇರುವುದು ಅಕ್ಷರಕ್ಕೆ ಅಕ್ಷರ ಬಂತು. ನಾಲ್ಕು ಜನ ಬೇರೆ ಬೇರೆ ಕಲಾವಿದರನ್ನು ಇಟ್ಟರೂ ಇದು ಬರುವುದಿಲ್ಲ. ಸಭೆಯಲ್ಲಿ ಮುನ್ನೂರು ಜನ ಇದ್ದಿರಬಹುದು, ಚೆಂಡೆ ಬಿಟ್ಟರೆ ಬೇರೆ ಸದ್ದೇ ಇಲ್ಲ.

ಆಮೇಲೆ ಹಾಳೆಯ ಬಾಯಿ ತೆರೆಯಿತು. ಒಬ್ಬ ಹೋದ, ಇನ್ನೊಬ್ಬ ಹೋದ. ಒದ್ದೆ ಮೂಲೆಯವನು ಸ್ವಲ್ಪ ಮಸುಕಾಗಿದ್ದ, ಅವನೂ ಹೋದ. ಕೊನೆಯವನು ಉಳಿದಾಗ ತೆರೆ ಸರಿಸಿದೆವು, ಅಲ್ಲಿ ನಮ್ಮ ಹಿರಿಯರು ಗದೆ ಊರಿ ನಿಂತಿದ್ದರು. ಮೈಯಲ್ಲಿ ರಕ್ತ ಇಲ್ಲದವನ ಹಾಗೆ ನಿಧಾನಕ್ಕೆ ಕೂತು, ದೇವಿಗೆ ಕೈ ಮುಗಿದು ಬಿದ್ದರು. ಮುಂದಿನ ಸಾಲಿನ ಅಜ್ಜಿಯೊಬ್ಬರು ಎದ್ದು ನಿಂತು ದೇವಿ ವೇಷಕ್ಕೆ ಕೈ ಮುಗಿದರು, ಅವರ ಹಿಂದೆ ಉಳಿದವರೂ ಎದ್ದರು. ನಾನು ತೆರೆಯ ಬದಿಯಲ್ಲಿ ಬ್ಯಾಟರಿ ಹಿಡಿದುಕೊಂಡು ಅತ್ತೆ.

ಇಡೀ ಭಾಗ ಎಂಟು ನಿಮಿಷ. ಸರಿ ಬಂದ ಸಾಮಾನಿಗೆ ಒಟ್ಟು 4,000 ಒಳಗೆ. ಅದಕ್ಕೆ ಮುಂಚೆ ಸುರಿದದ್ದು 9,000 ಮೇಲೆ ಇರಬೇಕು, ಅದರಲ್ಲಿ ಸಂಘ ಕೊಟ್ಟದ್ದು ಎರಡೋ ಎರಡೂವರೆಯೋ ಸಾವಿರ, ಉಳಿದದ್ದು ನನ್ನ ಅಡಿಕೆಯ ದುಡ್ಡು. ಮನೆಯಲ್ಲಿ ಇದನ್ನು ಹೇಳಿರಲಿಲ್ಲ, ಈಗ ಹೇಳಿದ್ದೇನೆ.

ಜಾಗಟೆ ಮುಟ್ಟುವುದಿಲ್ಲ ಅಂದಿದ್ದ ಭಾಗವತರು ಮರುವಾರ ಮನೆಗೆ ಬಂದರು. ವಾರಾಹಿಗೂ ಮಾಹೇಶ್ವರಿಗೂ ಒಂದೊಂದು ಪದ್ಯ ಹೆಚ್ಚು ಹಾಕುತ್ತೇನೆ, ಇನ್ನೆರಡು ಬಲ್ಬು ಆಗುತ್ತದಾ ಅಂತ ಕೇಳಿದರು. ಆರು ಅಂದರೆ ಅಡ್ಡವನ್ನೆಲ್ಲ ಹೊಸದಾಗಿ ಕೂರಿಸಬೇಕು, ತೆರೆಯೂ ಸಾಲದು. ಆಗುತ್ತದೆ ಭಾಗವತರೇ ಅಂದಿದ್ದೇನೆ. ಬಟ್ಟೆ ತಂದಾಗಿದೆ, ಈ ಭಾನುವಾರ ಹುಡುಗ ಬರುತ್ತಾನೆ.