30 ಮೀಟರ್ ಕಾರಿಡಾರಿನಲ್ಲಿ ಹೃದಯಕ್ಕೆ ನಡಿಗೆ: ನನ್ನ ಅನುಭವ

ಡಿಸ್‌ಚಾರ್ಜ್ ಚೀಟಿಯ ಕೊನೆಯಲ್ಲಿ ‘ದಿನಾ ವಾಕಿಂಗ್ ಮಾಡಿ’ ಎಂದಿರುತ್ತದೆ. ಎಷ್ಟು ದೂರ, ಯಾವ ವೇಗ ಎಂದು ಇರುವುದಿಲ್ಲ. ಮಾತ್ರೆಗೆ ಮಿಲಿಗ್ರಾಂ ಬರೆದ ಹಾಗೆ ನಡಿಗೆಗೂ ಅಳತೆ ಬರೆದುಕೊಡುವುದು ಮಂಡ್ಯದಲ್ಲಿ ಫಿಸಿಯೋಥೆರಪಿಸ್ಟ್ ಆಗಿರುವ ನನ್ನ ಕೆಲಸ. ನಮ್ಮಲ್ಲಿ ಟ್ರೆಡ್‌ಮಿಲ್ ಇಲ್ಲ. 30 ಮೀಟರ್ ಕಾರಿಡಾರ್, ಎರಡು ಕೋನ್, ಕುರ್ಚಿ, ಬಿಪಿ ಮಿಷನ್, ಬೆರಳಿಗೆ ಹಾಕುವ ಆಕ್ಸಿಮೀಟರ್, ಸ್ಟಾಪ್‌ವಾಚ್ ಇವೆ. ಸ್ಟೆಂಟ್ ಅಥವಾ ಬೈಪಾಸ್ ಆಗಿ, ವ್ಯಾಯಾಮ ಮಾಡಬಹುದೆಂದು ಹೃದ್ರೋಗ ತಜ್ಞರು ಬರೆದುಕೊಟ್ಟವರಿಗೆ ಇಷ್ಟು ಸಾಕು. ಹೃದಯದ ಪಂಪಿಂಗ್ ತೀರಾ ಕಡಿಮೆ ಇರುವವರು, ಬಡಿತದ ಲಯ ತಪ್ಪುವವರು ಮಾನಿಟರ್ ಇರುವ ಆಸ್ಪತ್ರೆಗೇ ಹೋಗಬೇಕು.

ಮೊದಲು ಆರು ನಿಮಿಷದ ನಡಿಗೆ ಪರೀಕ್ಷೆ. ಅಟ್ಯಾಕ್ ಆಗಿ ತಿಂಗಳು ತುಂಬದವರಿಗೆ ಇದನ್ನು ಮಾಡಿಸುವುದಿಲ್ಲ. ಅವರಿಗೆ ಸಮತಟ್ಟಾದ ಜಾಗದಲ್ಲಿ 5-10 ನಿಮಿಷ, ದಿನಕ್ಕೆ ಎರಡು ಮೂರು ಸಲ ನಿಧಾನ ನಡಿಗೆ ಅಷ್ಟೇ. ಉಳಿದವರನ್ನು 10 ನಿಮಿಷ ಕೂರಿಸಿ ನಾಡಿ, ಬಿಪಿ ನೋಡುತ್ತೇನೆ. ಕೂತಲ್ಲೇ ನಾಡಿ 120 ದಾಟಿದ್ದರೆ, ಬಿಪಿಯ ಮೇಲಿನ ಅಂಕಿ 180 ಅಥವಾ ಕೆಳಗಿನದು 100 ದಾಟಿದ್ದರೆ ಅವತ್ತು ಪರೀಕ್ಷೆ ಇಲ್ಲ. ‘ಓಡಬೇಡಿ, ಆದಷ್ಟು ದೂರ ನಡೀರಿ, ಸುಸ್ತಾದರೆ ನಿಲ್ಲಿ, ಗಡಿಯಾರ ಮಾತ್ರ ನಿಲ್ಲಲ್ಲ’ ಎಂದಷ್ಟೇ ಹೇಳಬೇಕು. ಪಕ್ಕದಲ್ಲಿ ನಡೆಯಬಾರದು, ರೋಗಿ ನಮ್ಮ ಹೆಜ್ಜೆಗೆ ಹೆಜ್ಜೆ ಹಾಕಿಬಿಡುತ್ತಾರೆ. ಜೊತೆಗೆ ಬಂದ ಮಗ ‘ಬೇಗ ನಡಿಯಪ್ಪಾ’ ಅಂದರೂ ಅಂಕಿ ಕೆಡುತ್ತದೆ, ಅವನನ್ನು ಹೊರಗೆ ಕೂರಿಸುವುದೇ ವಾಸಿ.

ಆರು ನಿಮಿಷಕ್ಕೆ 360 ಮೀಟರ್ ನಡೆದರು ಅನ್ನಿ. ನಿಮಿಷಕ್ಕೆ 60 ಮೀಟರ್ ಆಯಿತು. ಅದರ ಶೇ 70ರಿಂದ ಶುರು ಮಾಡಿಸುತ್ತೇನೆ: ನಿಮಿಷಕ್ಕೆ 42, 10 ನಿಮಿಷಕ್ಕೆ 420 ಮೀಟರ್, ಅಂದರೆ 30 ಮೀಟರಿನ ಹಾದಿಯಲ್ಲಿ 14 ಸಲ. ಊರಿನಲ್ಲಿ ಮನೆ ಮುಂದಿನ ಬೀದಿಯನ್ನು ಟೇಪ್ ಹಿಡಿದು ಅಳೆದು, ಎರಡು ಕಡೆ ಸುಣ್ಣದ ಗೆರೆ ಎಳೆಸಬೇಕು. ಎಣಿಕೆ ತಪ್ಪದಿರಲು ಜೇಬಿನಲ್ಲಿ 14 ಹುಣಸೆ ಬೀಜ; ಗೆರೆ ಮುಟ್ಟಿದಾಗೆಲ್ಲ ಒಂದು ಬೀಜ ಆ ಜೇಬಿನಿಂದ ಈ ಜೇಬಿಗೆ. ವಾರಕ್ಕೆ 5 ನಿಮಿಷದಂತೆ ಏರಿಸಿ 30 ನಿಮಿಷಕ್ಕೆ ಬಂದ ಮೇಲೆ ವೇಗವನ್ನು ಶೇ 80ಕ್ಕೆ ಒಯ್ಯುತ್ತೇನೆ. ಹೊತ್ತು, ವೇಗ ಎರಡನ್ನೂ ಒಂದೇ ವಾರ ಏರಿಸಿದರೆ, ಸುಸ್ತು ಯಾವುದರಿಂದ ಬಂತೆಂದೇ ಗೊತ್ತಾಗದು.

ಕೈಗಡಿಯಾರದ ನಾಡಿ ಅಂಕಿಯನ್ನು ನಾನು ಗುರಿಯಾಗಿ ಕೊಡುವುದಿಲ್ಲ. ಗರಿಷ್ಠ ನಾಡಿ ತಿಳಿಯಲು 220ರಲ್ಲಿ ವಯಸ್ಸು ಕಳೆಯುವ ಲೆಕ್ಕ ಇವರಿಗೆ ಹೊಂದದು. ಮೆಟೊಪ್ರೊಲಾಲ್, ಬಿಸೊಪ್ರೊಲಾಲ್‌ನಂಥ ಮಾತ್ರೆಗಳು ನಾಡಿ ಏರದಂತೆ ಹಿಡಿದಿರುತ್ತವೆ. ಆ ಗುರಿ ಮುಟ್ಟಲು ಹೋದವರು ಶಕ್ತಿ ಮೀರಿ ನಡೆಯುತ್ತಾರೆ. ಬದಲಿಗೆ, ಎಷ್ಟು ಕಷ್ಟ ಅನಿಸುತ್ತಿದೆ ಎಂದು ರೋಗಿಯೇ ಅಂಕಿಯಲ್ಲಿ ಹೇಳುವ, 6ರಿಂದ 20ರವರೆಗಿನ ಬೋರ್ಗ್ ಪಟ್ಟಿಯನ್ನು ಗೋಡೆಗೆ ಅಂಟಿಸಿದ್ದೇನೆ: 11 ಅಂದರೆ ‘ಹಗುರ’, 13 ‘ಸ್ವಲ್ಪ ಕಷ್ಟ’, 15 ‘ಕಷ್ಟ’. 11-13ರೊಳಗೆ ಇರಬೇಕು. ಆದರೆ ನಮ್ಮ ಕಡೆಯವರು ಏದುಸಿರು ಬಿಡುತ್ತಲೇ ‘ಏನಿಲ್ಲ ಬುಡಿ ಸಾ’ ಅನ್ನುತ್ತಾರೆ. ಹಾಗಾಗಿ ನಡೆಯುತ್ತಿರುವಾಗಲೇ ಮಂಡ್ಯದಿಂದ ಮೈಸೂರಿಗೆ ಹೋಗುವಾಗ ಸಿಗುವ ರೈಲ್ವೆ ಸ್ಟೇಷನ್ ಕೇಳುತ್ತೇನೆ. ಯಲಿಯೂರು, ಪಾಂಡವಪುರ, ಶ್ರೀರಂಗಪಟ್ಟಣ, ನಾಗನಹಳ್ಳಿ ಸಲೀಸಾಗಿ ಬಂದರೆ ವೇಗ ಸರಿ. ಒಂದೊಂದು ಹೆಸರಿಗೂ ಉಸಿರು ಎಳೆದುಕೊಂಡರೆ ಇಳಿಸಬೇಕು.

ಎಲ್ಲರೂ ಬಿಟ್ಟುಬಿಡುವುದು ಕೊನೆಯ 10 ನಿಮಿಷದ ನಿಧಾನ ನಡಿಗೆಯನ್ನು. ನಡೆದಾಗ ಕಾಲಿನ ರಕ್ತನಾಳಗಳು ಹಿಗ್ಗಿರುತ್ತವೆ; ಗಕ್ಕನೆ ನಿಂತರೆ ರಕ್ತ ಕಾಲಲ್ಲೇ ತಂಗಿ ಬಿಪಿ ಕುಸಿದು ಕಣ್ಣು ಕತ್ತಲೆ ಬರುತ್ತದೆ. ಮುಗಿದ ತಕ್ಷಣ ಬಿಸಿನೀರು ಸ್ನಾನವೂ ಇದೇ ಕಾರಣಕ್ಕೆ ಬೇಡ. ಇನ್ಸುಲಿನ್ ಹಾಕಿಕೊಳ್ಳುವವರ ಶುಗರ್ 100ಕ್ಕಿಂತ ಕೆಳಗಿದ್ದರೆ ಬಾಳೆಹಣ್ಣು ತಿನ್ನಿಸಿ, ಮತ್ತೆ ನೋಡಿ ನಡೆಸುತ್ತೇನೆ.

ಎದೆ ಬಿಗಿದರೆ ತಕ್ಷಣ ನಿಲ್ಲಬೇಕು, ಕೂರಬೇಕು. ರಕ್ತನಾಳ ಹಿಗ್ಗಿಸಿ ಎದೆನೋವು ಇಳಿಸುವ ಸಾರ್ಬಿಟ್ರೇಟ್ ಮಾತ್ರೆ ಬರೆದುಕೊಟ್ಟಿದ್ದರೆ ಕೂತುಕೊಂಡೇ ನಾಲಿಗೆ ಕೆಳಗೆ. ನಿಂತು ಇಟ್ಟುಕೊಂಡರೆ ಬಿಪಿ ಇಳಿದು ಬೀಳುವುದುಂಟು. 5 ನಿಮಿಷದಲ್ಲಿ ನೋವು ಇಳಿಯದಿದ್ದರೆ 108. ವಯಾಗ್ರದಂಥ ಮಾತ್ರೆ ತಗೊಂಡವರು ಸಾರ್ಬಿಟ್ರೇಟ್ ಇಡಕೂಡದು, ಬಿಪಿ ಅಪಾಯದ ಮಟ್ಟಕ್ಕೆ ಇಳಿಯುತ್ತದೆ. ಇದನ್ನು ಯಾರೂ ತಾವಾಗಿ ಹೇಳುವುದಿಲ್ಲ, ಮನೆಯವರನ್ನು ಆಚೆ ಕಳಿಸಿ ಕೇಳಬೇಕು.

ಬೈಪಾಸ್ ಆದವರ ಎದೆಮೂಳೆ ಕೂಡಲು 8ರಿಂದ 12 ವಾರ ಬೇಕು. ಅಲ್ಲಿಯವರೆಗೆ 4-5 ಕೆಜಿ ಮೀರಿ ಎತ್ತುವಂತಿಲ್ಲ. ತುಂಬಿದ ಬಿಂದಿಗೆ, ಹಾಲಿನ ಕ್ಯಾನು, ಬೈಕು ಯಾವುದೂ ಇಲ್ಲ. ಹಾಸಿಗೆಯಿಂದ ಏಳುವಾಗ ಕೈ ಊರಿ ನೇರ ಏಳದೆ, ಪಕ್ಕಕ್ಕೆ ಹೊರಳಿ, ಕಾಲು ಕೆಳಗಿಳಿಬಿಟ್ಟು ಏಳಬೇಕು. ಕೆಮ್ಮು ಬಂದರೆ ದಿಂಬನ್ನು ಎದೆಗೆ ಅವಚಿಕೊಳ್ಳಬೇಕು. ಮೂಳೆ ಟಕ್ ಅಂದರೆ, ಗಾಯ ಸೋರಿದರೆ ವ್ಯಾಯಾಮ ನಿಲ್ಲಿಸಿ ಸರ್ಜನ್ ಹತ್ತಿರ ಕಳಿಸುತ್ತೇನೆ.

12 ವಾರಕ್ಕೆ ಮತ್ತೆ ಅದೇ ಕಾರಿಡಾರಿನಲ್ಲಿ ಪರೀಕ್ಷೆ. ಆಗ ಎಲ್ಲರ ಪ್ರಶ್ನೆಯೂ ಗದ್ದೆ ಕೆಲಸದ್ದೇ. ನೀರು ಕಟ್ಟುವುದು, ಬದುವಿನ ಮೇಲೆ ಓಡಾಡುವುದು ಮೊದಲು. ಭಾರ ಎತ್ತಲು ಒಂದು ಲೀಟರ್ ನೀರಿನ ಬಾಟಲಿಯಿಂದ ಶುರು ಮಾಡಿಸುತ್ತೇನೆ; ಎತ್ತುವಾಗ ಉಸಿರು ಬಿಡಬೇಕು, ಬಿಗಿಹಿಡಿದರೆ ಬಿಪಿ ಒಮ್ಮೆಲೇ ಏರುತ್ತದೆ. ಕಬ್ಬಿನ ಹೊರೆ ಎಲ್ಲಕ್ಕಿಂತ ಕೊನೆಗೆ. ಅದೂ ಟಿಎಂಟಿ (ಟ್ರೆಡ್‌ಮಿಲ್ ಮೇಲೆ ನಡೆಸುತ್ತಾ ಇಸಿಜಿ ನೋಡುವ ಪರೀಕ್ಷೆ) ಮಾಡಿಸಿ, ಡಾಕ್ಟರ್ ಒಪ್ಪಿದರೆ ಮಾತ್ರ.