ಸನಿಕೆ ಹಿಡಿಯೋ ಕೈ: ನನ್ನ ಅನುಭವ

ಹಾಸನದಲ್ಲಿ ನನ್ನದೊಂದು ಚಿಕ್ಕ ವರ್ಕ್‌ಶಾಪ್ ಇದೆ, ಅದರಲ್ಲೊಂದು ತ್ರೀಡಿ ಪ್ರಿಂಟರ್. ಬೇಲೂರು ಕಡೆಯ ರೈತರೊಬ್ಬರ ಬಲಗೈ ಮೇವು ಕತ್ತರಿಸುವ ಮೆಷಿನ್‌ಗೆ ಸಿಕ್ಕಿ ಮೊಣಕೈ ಕೆಳಗೆ ಹೋಗಿತ್ತು. ಅವರಿಗೆ ಕೈ ಮಾಡಿಕೊಡಲು ಒಪ್ಪಿಕೊಂಡಾಗ ನನ್ನ ತಲೆಯಲ್ಲಿದ್ದದ್ದು ಐದೂ ಬೆರಳು ಮಡಚುವ ಮೋಟಾರಿನ ಕೈ.

ಮಾಡಿದೆ ಕೂಡ. ಸ್ನಾಯು ಬಿಗಿದಾಗ ಚರ್ಮದ ಮೇಲೆ ಸಿಗುವ ಸಣ್ಣ ವಿದ್ಯುತ್ ಸಿಗ್ನಲ್ ಹಿಡಿಯುವ ಇಎಂಜಿ ಸೆನ್ಸರ್, ಆ ಸಿಗ್ನಲ್ ನೋಡಿ ಮೋಟಾರು ನಡೆಸುವ ಆರ್ಡುಯಿನೊ ಎಂಬ ಪುಟ್ಟ ಕಂಪ್ಯೂಟರ್ ಬೋರ್ಡ್, ಐದು ಸರ್ವೋ ಮೋಟಾರು, ಬ್ಯಾಟರಿ. ಮೇಜಿನ ಮೇಲೆ ಚೆನ್ನಾಗಿಯೇ ಆಡಿತು. ಕೊಟ್ಟಿಗೆಗೆ ಹೋದ ಮೇಲೆ ಬೆವರಿಗೆ ಸೆನ್ಸರಿನ ಎಲೆಕ್ಟ್ರೋಡ್ ಚರ್ಮದ ಮೇಲಿಂದ ಜಾರಿತು, ಬೆರಳು ತಮ್ಮಿಷ್ಟದಂತೆ ಮಡಚಿದವು, ಭಾರಕ್ಕೆ ಭುಜ ನೋವು ಬಂತು. ಎರಡು ವಾರ ಬಿಟ್ಟು ಹೋದರೆ ಕೈ ಗೋಡೆಯ ಮೊಳೆಯಲ್ಲಿ ನೇತಾಡುತ್ತಿತ್ತು. "ಬೆರಳು ಬೇಡ ಸಾರ್, ಸನಿಕೆ ಹಿಡಿಯೋ ಹಾಗೆ ಏನಾದ್ರೂ ಮಾಡ್ಕೊಡಿ" ಅಂದರು. ಏನು ಬೇಕು ಅಂತ ನಾನು ಮೊದಲ ದಿನವೇ ಕೇಳಬೇಕಿತ್ತು ಅಲ್ವಾ?

ಎರಡನೇ ಸಲ ಸಾಕೆಟ್‌ನಿಂದ ಶುರು ಮಾಡಿದೆ. ಉಳಿದ ಕೈ ಹೊಕ್ಕು ಕೂರುವ ಭಾಗ ಅದು. ಅದು ಒತ್ತಿದರೆ ಯಾವ ಕೈಯನ್ನೂ ಯಾರೂ ಹಾಕಿಕೊಳ್ಳುವುದಿಲ್ಲ. ಮೊದಲ ಸಲ ಮೊಬೈಲಿನಲ್ಲಿ ಸ್ಕ್ಯಾನ್ ಮಾಡಿ ಅದೇ ಅಳತೆಗೆ ಪ್ರಿಂಟ್ ಹಾಕಿದ್ದೆ, ಆದರೆ ಸ್ಕ್ಯಾನ್‌ಗೆ ಸಿಗುವುದು ಹೊರಗಿನ ಆಕಾರ ಮಾತ್ರ, ಒಳಗೆ ಮೂಳೆ ಎಲ್ಲಿದೆ ಮಾಂಸ ಎಲ್ಲಿದೆ ಅಂತ ಅದಕ್ಕೆ ಗೊತ್ತಾಗುವುದಿಲ್ಲ, ಹಾಗಾಗಿ ಮೂಳೆಯ ತುದಿಯಲ್ಲೇ ಒತ್ತಿ ಚರ್ಮ ಕೆಂಪಾಗಿತ್ತು. ಈ ಸಲ ಕೃತಕ ಕೈಕಾಲು ಕೂರಿಸುವ ತಜ್ಞರೊಬ್ಬರು ಪ್ಲಾಸ್ಟರ್ ಬ್ಯಾಂಡೇಜ್ ಸುತ್ತಿ ಅಚ್ಚು ತೆಗೆದು, ನೋಯುವ ಜಾಗಕ್ಕೆಲ್ಲ ಗುರುತು ಹಾಕಿಕೊಟ್ಟರು. ಅಚ್ಚನ್ನು ಸ್ಕ್ಯಾನ್ ಮಾಡಿ, ಆ ಜಾಗಗಳಲ್ಲಿ ಮಾತ್ರ ಒಂದೆರಡು ಮಿಲಿಮೀಟರ್ ಸಡಿಲ ಬಿಟ್ಟೆ. ಮೂರನೇ ಪ್ರಿಂಟ್ ಸರಿಯಾಗಿ ಕೂತಿತು. ಉಳಿದ ಕೈ ದಿನದಲ್ಲಿ ಸ್ವಲ್ಪ ಊದುತ್ತದೆ, ಇಳಿಯುತ್ತದೆ, ಅದಕ್ಕೆ ಒಳಗೊಂದು ಹತ್ತಿ ಕಾಲುಚೀಲ.

ತ್ರೀಡಿ ಪ್ರಿಂಟರಿಗೆ ಸಾಮಾನ್ಯವಾಗಿ ಹಾಕುವ ಪಿಎಲ್‌ಎ ಪ್ಲಾಸ್ಟಿಕ್ ಬಳಸಬೇಡಿ. 60 ಡಿಗ್ರಿ ಆಸುಪಾಸಿನಲ್ಲೇ ಮೆತ್ತಗಾಗುತ್ತದೆ, ಬಿಸಿಲಲ್ಲಿ ನಿಂತ ಗಾಡಿಯೊಳಗೆ ಬಿಟ್ಟರೆ ಸೊಟ್ಟಗಾಗಬಹುದು. ನಾನು ಅದಕ್ಕಿಂತ ಹೆಚ್ಚು ಬಿಸಿ ತಡೆಯುವ ಪಿಇಟಿಜಿ ಪ್ಲಾಸ್ಟಿಕ್‌ಗೆ ಬಂದೆ. ಇನ್ನೊಂದು, ಪ್ರಿಂಟ್ ಬರುವುದು ಪದರ ಪದರವಾಗಿ, ಎಳೆತ ಪದರಗಳನ್ನು ಬಿಡಿಸುವ ಹಾಗೆ ಬಿದ್ದರೆ ಅಲ್ಲೇ ಸೀಳುತ್ತದೆ. ಭಾರ ಹೊರುವ ತುಂಡನ್ನು ಮಲಗಿಸಿ ಪ್ರಿಂಟ್ ಮಾಡಿ.

ಬೆರಳಿನ ಬದಲು ಲೇತ್ ಅಂಗಡಿಯಲ್ಲಿ ಎರಡು ದವಡೆಯ ಸ್ಟೀಲ್ ಕೊಕ್ಕೆ ಮಾಡಿಸಿದೆ. ಅದರಿಂದ ಸೈಕಲ್ ಬ್ರೇಕ್ ವೈರ್ ಬೆನ್ನ ಮೇಲೆ ಹಾದು ಎಡಭುಜದ ಪಟ್ಟಿಗೆ ಸೇರುತ್ತದೆ. ಕೈ ಮುಂದೆ ಚಾಚಿದರೆ ವೈರ್ ಎಳೆದು ಕೊಕ್ಕೆ ತೆರೆಯುತ್ತದೆ, ಸಡಿಲ ಬಿಟ್ಟರೆ ರಬ್ಬರ್ ಬ್ಯಾಂಡ್ ಮುಚ್ಚುತ್ತದೆ. ಬ್ಯಾಟರಿ ಇಲ್ಲ. ಸಾಮಾನಿಗೆ ಸುಮಾರು 4,000 ರೂಪಾಯಿ ಆಯಿತು, ಮೋಟಾರಿನದಕ್ಕೆ 14,000 ಆಗಿತ್ತು. ವೈರ್ ಒಂದು ಸಲ ಕಿತ್ತುಹೋಯಿತು, ಊರಿನ ಸೈಕಲ್ ಅಂಗಡಿಯವರೇ ಹಾಕಿಕೊಟ್ಟರಂತೆ, ನನಗೆ ಗೊತ್ತಾಗಿದ್ದೇ ಆಮೇಲೆ. ಅದು ಕೇಳಿ ತುಂಬಾ ಖುಷಿಯಾಯಿತು.

ಮೊನ್ನೆ ಫೋನ್ ಮಾಡಿದ್ದರು. ತಂಗಿ ಮಗಳ ಮದುವೆ ಇದೆ, ಅವತ್ತೊಂದು ದಿನಕ್ಕೆ ಬೆರಳಿರೋ ಕೈ ಆಗುತ್ತಾ ಅಂತ. ಅದೇ ಸಾಕೆಟ್‌ಗೆ ತಿರುಪಿ ಹಾಕುವ ಹಾಗೆ ಒಂದು ಹಗುರ ಕೈ ಈಗ ಪ್ರಿಂಟ್ ಆಗುತ್ತಿದೆ.