ಹತ್ತರಲ್ಲಿ ಎಂಟು ಹಸು ಮಾರಿ, ಕೊಟ್ಟಿಗೆಯನ್ನು ಹುಳುಮನೆ ಮಾಡಿದ್ದು: ನನ್ನ ಅನುಭವ

ನಮ್ಮ ಶಿಡ್ಲಘಟ್ಟ, ಚಿಂತಾಮಣಿ ಕಡೆ ಒಂದೇ ಮನೆಯಲ್ಲಿ ಸೀಮೆಹಸುವೂ ಇರುತ್ತದೆ, ರೇಷ್ಮೆ ಹುಳುವೂ ಇರುತ್ತದೆ. ಹಾಲಿನ ಬಟವಾಡೆ ಮನೆ ಖರ್ಚಿಗೆ, ಗೂಡಿನ ದುಡ್ಡು ಸಾಲಕ್ಕೂ ಮದುವೆಗೂ. ಎರಡನ್ನೂ ಸಮವಾಗಿ ಎಳೆಯಲು ಆಳೂ ನೀರೂ ಸಾಲದೆ ಬಂದಾಗ ಒಂದನ್ನು ಕುಗ್ಗಿಸಬೇಕು. ನಾನು ಹಸು ಕುಗ್ಗಿಸಿದೆ. ಹಾಗೆ ಮಾಡುವವರಿಗೆ ಬೇಕಾದ ಲೆಕ್ಕ, ಕ್ರಮ, ಎಚ್ಚರಿಕೆಗಳನ್ನು ಇಲ್ಲಿ ಬರೆದಿದ್ದೇನೆ.

ಮೊದಲು ಹಸುವಿನ ಲೆಕ್ಕ. ಕೊಟ್ಟಿಗೆ ಒಟ್ಟಾರೆ ಲಾಭದಲ್ಲಿದೆಯೋ ಇಲ್ಲವೋ ಎಂದು ನೋಡಿದರೆ ಏನೂ ಗೊತ್ತಾಗುವುದಿಲ್ಲ, ಒಂದೊಂದು ಹಸುವಿಗೂ ಬೇರೆ ಪುಟ ಬೇಕು. ದಿನಕ್ಕೆ 25 ಕಿಲೋ ಹಸಿ ಹುಲ್ಲು, 5 ಕಿಲೋ ರಾಗಿ ಹುಲ್ಲು, ಮೈ ಹಿಡಿಯಲು ಒಂದೂವರೆ ಕಿಲೋ ಪಶು ಆಹಾರ, ಅದರ ಮೇಲೆ ಲೀಟರ್ ಹಾಲಿಗೆ 400 ಗ್ರಾಂ. ಹಸಿ ಹುಲ್ಲಿಗೆ ಕಿಲೋ ಎರಡೂವರೆ, ರಾಗಿ ಹುಲ್ಲಿಗೆ 10, 50 ಕಿಲೋ ಫೀಡ್ ಚೀಲಕ್ಕೆ 1,300 ರೂಪಾಯಿ ಹಿಡಿಯಿರಿ. ಹಾಲು ಒಂದು ಲೋಟ ಬರದಿದ್ದರೂ ಹಸು ದಿನಕ್ಕೆ ಸುಮಾರು 150 ರೂಪಾಯಿ ತಿನ್ನುತ್ತದೆ. ಹಾಲು ಲೀಟರಿಗೆ 35 ಎಂದರೆ, ಆ ಲೀಟರಿನ ಫೀಡ್ ಕಳೆದು ಉಳಿಯುವುದು 24-25. ಅಂದರೆ ಆರು ಲೀಟರಿನವರೆಗೂ ಹಸು ತನ್ನ ಮೇವನ್ನಷ್ಟೇ ದುಡಿಯುತ್ತಿದೆ. ಕೂಲಿ, ಡಾಕ್ಟರು, ಕರೆಂಟು, ಸಾಲದ ಬಡ್ಡಿ ಎಲ್ಲ ಏಳನೇ ಲೀಟರಿನಿಂದ ಹುಟ್ಟಬೇಕು. ಸರ್ಕಾರ ಕೊಡುವ 5 ರೂಪಾಯಿ ಪ್ರೋತ್ಸಾಹಧನವನ್ನು ಇದರಲ್ಲಿ ಸೇರಿಸಿಲ್ಲ, ಅದು ಬಂದಾಗ ಬಂತು. ನಿಮ್ಮೂರಿನ ರೇಟು ಬೇರೆ ಇದ್ದರೆ ಅಂಕಿ ಬದಲಿಸಿಕೊಳ್ಳಿ, ಆದರೆ ಹೊಲದಲ್ಲೇ ಬೆಳೆದ ಹುಲ್ಲೆಂದು ಅದಕ್ಕೆ ಸೊನ್ನೆ ಮಾತ್ರ ಹಾಕಬೇಡಿ. ಆ ಹುಲ್ಲಿಗೆ ಹೋದ ಬೋರ್‌ವೆಲ್ ನೀರು ಬೇರೆ ಯಾವ ಬೆಳೆಗೆ ಹೋಗಬಹುದಿತ್ತು ಎಂಬುದೇ ಅಸಲಿ ಪ್ರಶ್ನೆ.

ನಷ್ಟ ಅಡಗಿ ಕೂರುವುದು ಬತ್ತಿದ ದಿನಗಳಲ್ಲಿ. 13-14 ತಿಂಗಳಿಗೊಂದು ಕರು ಹಾಕುವ ಹಸುವಿಗೆ ಬತ್ತಿದ ಎರಡು ತಿಂಗಳು ಇದ್ದದ್ದೇ. ಗಬ್ಬ ನಿಲ್ಲದೆ 18 ತಿಂಗಳಿಗೆ ಹೋದರೆ, ಕೊನೆಯ ತಿಂಗಳುಗಳಲ್ಲಿ ಅದು ಮೂರು ನಾಲ್ಕು ಲೀಟರಿಗೆ ಇಳಿದು ದಿನಾ ಕೈಯಿಂದ ಹಾಕಿಸಿಕೊಳ್ಳುತ್ತಿರುತ್ತದೆ. ಮೂರು ಸಲ ಸೆಮೆನ್ ಕಡ್ಡಿ ಹಾಕಿಸಿ ಮೂರು ಸಲವೂ 21 ದಿನಕ್ಕೆ ಬೆದೆಗೆ ಬಂದರೆ ಅದನ್ನು ಗಬ್ಬ ನಿಲ್ಲದವುಗಳ ಬೇರೆ ಪಟ್ಟಿಗೆ ಬರೆಯಿರಿ.

ಇನ್ನು ಆಳಿನ ಲೆಕ್ಕ. ಹಸುವಿಗೆ ಬೆಳಿಗ್ಗೆ ಆರು, ಸಂಜೆ ಆರು, ವರ್ಷದ 365 ದಿನ. ರೇಷ್ಮೆಗೆ ಚಾಕಿ ಕೇಂದ್ರದಿಂದ (ಮರಿಹುಳು ಸಾಕಿ ಕೊಡುವ ಕಡೆಯಿಂದ) ಎರಡನೇ ಜ್ವರ, ಅಂದರೆ ಪೊರೆ ಬಿಡುವ ನಿದ್ದೆ, ಎದ್ದ ಹುಳು ತಂದರೆ ಮನೆಯಲ್ಲಿ ಇಪ್ಪತ್ತು ದಿನದೊಳಗಿನ ಕೆಲಸ. ಕೊನೆಯ ಎಂಟು ದಿನ ಪ್ರಾಣ ಹಿಂಡುತ್ತದೆ ನಿಜ, ಆಮೇಲೆ ಬಿಡುವು. ಕೂಲಿಯವರು ಎಂಟು ದಿನಕ್ಕೆ ಸಿಗುತ್ತಾರೆ, ವರ್ಷವಿಡೀ ಹಾಲು ಕರೆಯಲು ಸಿಗುವುದಿಲ್ಲ. ನಾನು ಹಿಪ್ಪುನೇರಳೆ ಕಡೆ ವಾಲಿದ್ದಕ್ಕೆ ಗೂಡಿನ ರೇಟಿಗಿಂತ ದೊಡ್ಡ ಕಾರಣ ಇದು. ರೇಟಿನ ಆಸೆಗೆ ಬರುವವರಿಗೆ ಒಂದು ಮಾತು: ಗೂಡಿನ ಬೆಲೆ ಹಾಲಿನ ಬೆಲೆಗಿಂತ ಹೆಚ್ಚು ಕುಣಿಯುತ್ತದೆ.

ಎಲ್ಲ ಹಸುಗಳನ್ನೂ ಏಕೆ ಮಾರಲಿಲ್ಲ ಎಂದರೆ ಸಗಣಿಗಾಗಿ. ನೀರಾವರಿ ಹಿಪ್ಪುನೇರಳೆಗೆ ಎಕರೆಗೆ ವರ್ಷಕ್ಕೆ 8 ಟನ್ ಕೊಟ್ಟಿಗೆ ಗೊಬ್ಬರ ಎರಡು ಕಂತಿನಲ್ಲಿ ಕೊಡಬೇಕೆಂಬುದು ಶಿಫಾರಸು. ಎಚ್‌ಎಫ್ ತಳಿಯ ಸೀಮೆಹಸು ದಿನಕ್ಕೆ 15-20 ಕಿಲೋ ಸಗಣಿ ಹಾಕಿದರೂ ಕೊಳೆತು ಗೊಬ್ಬರವಾಗುವಾಗ ತೂಕ ಅರ್ಧಕ್ಕಿಂತ ಕೆಳಗೆ ಇಳಿಯುತ್ತದೆ, ವರ್ಷಕ್ಕೆ ಒಂದು ಹಸುವಿನಿಂದ ಎರಡರಿಂದ ಮೂರು ಟನ್. ಎರಡು ಹಸು, ಹುಳುಮನೆಯ ಕಸ, ಕಡ್ಡಿ ಕೊಳೆಸಿದ್ದು ಸೇರಿದರೆ ಎಕರೆಗೆ ಹತ್ತಿರ ಹತ್ತಿರ ಸಾಕು. ಪೂರ್ತಿ ಮಾರಿದವರು ಲೋಡ್ ಲೆಕ್ಕದಲ್ಲಿ ಗೊಬ್ಬರ ಕೊಂಡು ಕಂಗಾಲಾಗುತ್ತಾರೆ, ಕೊಂಡ ಗೊಬ್ಬರದ ಜೊತೆ ಗೊಣ್ಣೆಹುಳುವೂ ಬರುತ್ತದೆ. ಹಾಲಿನ ಸಂಘದ ಸದಸ್ಯತ್ವ ಉಳಿಯುವುದು ಇನ್ನೊಂದು ಲಾಭ. ವರ್ಷಕ್ಕೆ ಎಷ್ಟು ದಿನ, ಎಷ್ಟು ಲೀಟರ್ ಹಾಕಿದರೆ ಮತದ ಹಕ್ಕು, ಬೋನಸ್ ಉಳಿಯುತ್ತದೆ ಎಂದು ಬೈಲಾ ನೋಡಿ, ಕಾರ್ಯದರ್ಶಿಯನ್ನು ಕೇಳಿಯೇ ಎಷ್ಟು ಹಸು ಉಳಿಸಬೇಕೆಂದು ನಿರ್ಧರಿಸಿ. ಉಳಿಸಿಕೊಳ್ಳಬೇಕಾದವು ಅತಿ ಹೆಚ್ಚು ಹಾಲಿನವಲ್ಲ. ಎರಡನೇ ಮೂರನೇ ಸೂಲಿನ, ಸುಲಭವಾಗಿ ಗಬ್ಬ ನಿಲ್ಲುವ, ಕೆಚ್ಚಲು ಬಾವು ಕಾಣದ, ಮನೆಯಲ್ಲಿ ಯಾರು ಕರೆದರೂ ಸೊರೆ ಬಿಡುವ ಹಸುಗಳು.

ಮಾರುವ ವಿಷಯಕ್ಕೆ ಬಂದರೆ, ತೀರ್ಮಾನಕ್ಕೂ ಮಾರಾಟಕ್ಕೂ ನಡುವೆ ಎಂಟು ತಿಂಗಳಾದರೂ ಇರಬೇಕು. ಹಸುವಿನ ಬೆಲೆ ಅದು ಯಾವ ಸ್ಥಿತಿಯಲ್ಲಿದೆ ಎಂಬುದರ ಮೇಲೆ ನಿಂತಿದೆ. ಕರು ಹಾಕಿ ಹತ್ತು ಇಪ್ಪತ್ತು ದಿನವಾದ, ಎರಡನೇ ಸೂಲಿನ, ಹೆಣ್ಣುಗರು ಜೊತೆಗಿರುವ ಹಸುವಿಗೆ ಮೇಲಿನ ಬೆಲೆ. ಏಳು ತಿಂಗಳ ಗಬ್ಬಕ್ಕೆ ಅದರ ನಂತರದ್ದು. ಹಾಲು ಕೊಡುತ್ತಾ ಮೂರು ನಾಲ್ಕು ತಿಂಗಳ ಗಬ್ಬ ಇದ್ದರೆ ಪರವಾಗಿಲ್ಲ. ಬತ್ತಿದ್ದು, ಗಬ್ಬವೂ ಇಲ್ಲದ್ದು ಎಂದರೆ ಕೇಳುವವರೇ ಇಲ್ಲ. ಆದ್ದರಿಂದ ಮೊದಲ ಕೆಲಸ ಎಲ್ಲವನ್ನೂ ಗಬ್ಬ ಮಾಡಿಸುವುದು: ಕರು ಹಾಕಿದ 60-90 ದಿನದೊಳಗೆ ಕಡ್ಡಿ, ಎರಡು ಮೂರು ತಿಂಗಳಿಗೆ ಡಾಕ್ಟರಿಂದ ಗಬ್ಬ ಪರೀಕ್ಷೆ, ಖನಿಜ ಮಿಶ್ರಣ ನಿಲ್ಲಿಸದಿರುವುದು. ಹೇಗೂ ಮಾರುವ ಹಸು ಎಂದು ಖನಿಜ ಮಿಶ್ರಣ ನಿಲ್ಲಿಸಿದವರು ದಿನಕ್ಕೆ ಹತ್ತಿಪ್ಪತ್ತು ರೂಪಾಯಿ ಉಳಿಸಲು ಹೋಗಿ ಹತ್ತಿಪ್ಪತ್ತು ಸಾವಿರ ಕಳೆದುಕೊಳ್ಳುತ್ತಾರೆ.

ಕಾಲವನ್ನೂ ನೋಡಬೇಕು. ಮಳೆ ಬಿದ್ದು ಹಸಿರು ಮೇವು ಇರುವ ಸೆಪ್ಟೆಂಬರ್‌ನಿಂದ ಡಿಸೆಂಬರ್‌ವರೆಗೆ ಕೊಳ್ಳುವವರು ಹುಡುಕಿಕೊಂಡು ಬರುತ್ತಾರೆ. ಶಿವರಾತ್ರಿ ದಾಟಿ ಮೇವಿನ ಬರ ಶುರುವಾದರೆ ಎಲ್ಲರೂ ಮಾರುವವರೇ. ಒಂದೇ ಸಂತೆಯನ್ನು ನಂಬಿಕೊಂಡು ಕೂರುವುದೂ ಬೇಡ: 2022ರಲ್ಲಿ ಚರ್ಮಗಂಟು ರೋಗ ಹಬ್ಬಿದಾಗ ದನದ ಸಂತೆ, ಜಾತ್ರೆ, ಸಾಗಾಟ ಎಲ್ಲ ನಿಂತುಹೋಗಿತ್ತು.

ಸಂತೆಗೆ ಹೊಡೆಯುವುದಕ್ಕಿಂತ ಮನೆಯಿಂದ ಮಾರುವುದೇ ಮೇಲು. ಸಂತೆಯಲ್ಲಿ ದಲ್ಲಾಳಿ ಟವೆಲ್ ಕೆಳಗೆ ಬೆರಳು ಹಿಡಿದು ಮಾಡುವ ವ್ಯಾಪಾರದಲ್ಲಿ ನಿಮ್ಮ ಹಸುವಿಗೆ ನಿಜವಾಗಿ ಬಿದ್ದ ಬೆಲೆ ಎಷ್ಟೆಂದು ನಿಮಗೇ ತಿಳಿಯುವುದಿಲ್ಲ. ಸಂಜೆಯೊಳಗೆ ಮಾರದಿದ್ದರೆ ಮತ್ತೆ ಗಾಡಿ ಬಾಡಿಗೆ. ಮನೆಗೆ ಬಂದವರಿಗೆ ಸಂಜೆ ಒಂದು, ಬೆಳಿಗ್ಗೆ ಒಂದು, ಎರಡು ಹೊತ್ತು ಕಣ್ಣೆದುರು ಕರೆದು ತೋರಿಸಬಹುದು. ಹಿಂದಿನ ಹೊತ್ತು ಕರೆಯದೆ ಕೆಚ್ಚಲು ಉಬ್ಬಿಸುವ ಆಟ ಬೇಡ. ಅನುಭವಿ ಗಿರಾಕಿ ಮೊಲೆ ಮುಟ್ಟಿದ ತಕ್ಷಣ ಹಿಡಿಯುತ್ತಾನೆ. ಅಲ್ಲದೆ ಕೆಚ್ಚಲು ಬಾವು ಬಂದರೆ ಹಸು ಮತ್ತೆ ನಿಮ್ಮ ಮನೆ ಬಾಗಿಲಿಗೇ.

ಕೊಳ್ಳುವವರು ಏನೇನು ನೋಡುತ್ತಾರೆ ಎಂದು ಮೊದಲೇ ತಿಳಿದಿದ್ದರೆ ಚೌಕಾಸಿಯಲ್ಲಿ ತಬ್ಬಿಬ್ಬಾಗುವುದಿಲ್ಲ. ಬಾಯಿ ಬಿಡಿಸಿ ಹಲ್ಲು ಎಣಿಸುತ್ತಾರೆ: ಎರಡು ಹಲ್ಲಾದರೆ ಎರಡು ಎರಡೂವರೆ ವರ್ಷ, ನಾಲ್ಕು ಹಲ್ಲಾದರೆ ಮೂರರ ಆಸುಪಾಸು, ಎಂಟು ಹಲ್ಲೂ ಬಂದು ಬಾಯಿ ಕೂಡಿದ್ದರೆ ನಾಲ್ಕೂವರೆ ಐದು. ನಾಲ್ಕು ಮೊಲೆಯಿಂದಲೂ ಅಂಗೈಗೆ ಹಾಲು ಹಿಂಡಿ ಚೂರು, ದಾರ ಬರುತ್ತದೆಯೇ ನೋಡುತ್ತಾರೆ. ಸುಳಿ ನೋಡುವವರು ಈಗಲೂ ಇದ್ದಾರೆ. ಹಾಲಿಗೂ ಸುಳಿಗೂ ಸಂಬಂಧವಿಲ್ಲ, ಆದರೆ ಬೆಲೆಗೂ ಸುಳಿಗೂ ಇದೆ, ಆದ್ದರಿಂದ ವಾದಿಸದೆ ಬೇರೆ ಗಿರಾಕಿಗೆ ಕಾಯಿರಿ. ಒಂದು ಮೊಲೆ ಸತ್ತಿದ್ದರೆ, ಹಿಂದೆ ಕಂದು ಹಾಕಿದ್ದರೆ (ತಿಂಗಳು ತುಂಬುವ ಮೊದಲೇ ಗಬ್ಬ ಹೋಗಿದ್ದರೆ), ಒದೆಯುವ ಚಾಳಿ ಇದ್ದರೆ ಮೊದಲೇ ಹೇಳಿ ಬೆಲೆ ಇಳಿಸಿ. ಕಂದು ಹಾಕಿದ ಹಸುವಿದ್ದರೆ ಮೊದಲು ಬ್ರುಸೆಲ್ಲಾ ರಕ್ತ ಪರೀಕ್ಷೆ ಮಾಡಿಸಿ, ಅದು ಮನುಷ್ಯರಿಗೂ ಅಂಟುವ ರೋಗ.

ಎಂಟನ್ನೂ ಒಬ್ಬನಿಗೇ ಒಟ್ಟಾಗಿ ಮಾರಿದರೆ ಬೇಗ ಕೈ ತೊಳೆಯಬಹುದು, ಆದರೆ ಒಳ್ಳೆಯ ಹಸುವನ್ನೂ ಬತ್ತಿದ್ದರ ಬೆಲೆಗೆ ಕೊಟ್ಟ ಹಾಗಾಗುತ್ತದೆ. ಒಳ್ಳೆಯವನ್ನು ಬಿಡಿಬಿಡಿಯಾಗಿ, ಕಡಸುಗಳನ್ನು ಜೋಡಿಯಾಗಿ ಕೊಡುವುದು ನನಗೆ ಸರಿ ಕಂಡ ದಾರಿ. ತುಂಬು ಗಬ್ಬದ ಕೊನೆಯ ತಿಂಗಳಲ್ಲಿ ಮಾತ್ರ ಗಾಡಿ ಹತ್ತಿಸಬೇಡಿ.

ಗಂಡು ಕರು, ಗೊಡ್ಡು ಹಸುವಿನ ವಿಷಯ ಬೇರೆ. 1964ರ ಕಾಯ್ದೆಯಲ್ಲಿ 12 ವರ್ಷ ದಾಟಿದ ಎತ್ತು, ಹೋರಿ, ಎಮ್ಮೆಗೆ ಸರ್ಟಿಫಿಕೇಟ್ ಮೇಲೆ ವಧೆಗೆ ಅವಕಾಶವಿತ್ತು. 2021ರಲ್ಲಿ ಜಾರಿಗೆ ಬಂದ ಹೊಸ ಗೋಹತ್ಯೆ ನಿಷೇಧ ಕಾಯ್ದೆಯಲ್ಲಿ 13 ವರ್ಷ ದಾಟಿದ ಎಮ್ಮೆ, ಕೋಣ ಬಿಟ್ಟರೆ ಯಾವುದಕ್ಕೂ ಇಲ್ಲ. ಹಾಗಾಗಿ ಇವಕ್ಕೆ ಬೆಲೆ ಬರುತ್ತದೆಂದು ಬರೆದುಕೊಳ್ಳುವುದೇ ತಪ್ಪು. ಸಾಕುವವರಿಗೆ ಸುಮ್ಮನೆ ಕೊಡುವುದೋ, ಸಾಯುವ ತನಕ ಸಾಕುವುದೋ, ಎರಡರ ಖರ್ಚನ್ನೂ ಮಾರಾಟದ ಲೆಕ್ಕದಲ್ಲೇ ಕಳೆಯಿರಿ.

ಕಾಗದ ಪತ್ರದಲ್ಲಿ ಸಡಿಲ ಬಿಡಬಾರದು. ಬ್ಯಾಂಕ್ ಸಾಲದಲ್ಲಿ ಕೊಂಡ ಹಸು ಸಾಲ ತೀರುವವರೆಗೆ ಬ್ಯಾಂಕಿನ ಅಡಮಾನದಲ್ಲಿರುತ್ತದೆ, ಮೊದಲು ಕ್ಲಿಯರೆನ್ಸ್ ಪತ್ರ. ಕಿವಿಯೋಲೆಯ 12 ಅಂಕಿ, ಹಸುವಿನ ಬಣ್ಣ, ಸೂಲು, ಗಬ್ಬದ ತಿಂಗಳು, ಕೊಂಡವರ ಹೆಸರು ವಿಳಾಸ, 'ಹೈನುಗಾರಿಕೆಗಾಗಿ' ಎಂಬ ಮಾತು ಬರೆದು ಇಬ್ಬರ ಸಹಿ. ಒಂದು ಪ್ರತಿ ನಿಮ್ಮಲ್ಲಿರಲಿ. ಗಾಡಿಯ ಜೊತೆ ಪಶು ವೈದ್ಯರ ಆರೋಗ್ಯ ಪತ್ರ ಹೋಗಲೇಬೇಕು, ಇಲ್ಲದಿದ್ದರೆ ದಾರಿಯಲ್ಲಿ ತಡೆಯುತ್ತಾರೆ, ಆಗ ನಿಮ್ಮ ಹೆಸರೂ ಹೊರಗೆ ಬರುತ್ತದೆ. ಪಶು ಆಸ್ಪತ್ರೆಯಲ್ಲಿ ಕಿವಿಯೋಲೆಯ ಮಾಲೀಕರ ಹೆಸರು ಬದಲಿಸುವಂತೆ ಹೇಳಿ. ವಿಮೆ ತಾನಾಗಿ ಹೊಸಬರಿಗೆ ಹೋಗುವುದಿಲ್ಲ.

ಇನ್ನು ನೆಲ. ನೇಪಿಯರ್ ಹುಲ್ಲಿದ್ದ ಜಾಗಕ್ಕೆ ನೇರವಾಗಿ ಹಿಪ್ಪುನೇರಳೆ ನೆಟ್ಟರೆ ಸಸಿಯನ್ನು ಹುಲ್ಲೇ ನುಂಗುತ್ತದೆ. ಏಪ್ರಿಲ್‌ನಲ್ಲಿ ಬುಡಮಟ್ಟಕ್ಕೆ ಕೊಯ್ದು, ನೇಗಿಲಿನಲ್ಲಿ ಆಳವಾಗಿ ಮಗುಚಿ, ಬುಡಗಳನ್ನು ಬೇಸಿಗೆ ಬಿಸಿಲಿಗೆ ಒಣಗಿಸಿ ಆರಿಸಿ ಹೊರಹಾಕಬೇಕು. ಮೊದಲ ಮಳೆಗೆ ಉಳಿದದ್ದೆಲ್ಲ ಚಿಗುರುತ್ತದೆ, ಆಗ ಇನ್ನೊಮ್ಮೆ. ಜುಲೈ, ಆಗಸ್ಟ್‌ನಲ್ಲಿ ಮೂರು ನಾಲ್ಕು ತಿಂಗಳ ವಿ-1 ತಳಿಯ ಹಿಪ್ಪುನೇರಳೆ ಸಸಿ ನಾಟಿ. ಕಡ್ಡಿ ನೆಡುವುದು ಅಗ್ಗ, ಆದರೆ ಸಸಿಯಷ್ಟು ಸಾಲು ತುಂಬಿ ಬರುವುದಿಲ್ಲ. ಜೋಡಿ ಸಾಲಾದರೆ ಐದು ಅಡಿ, ಮೂರು ಅಡಿ ಬಿಟ್ಟು, ಗಿಡದಿಂದ ಗಿಡಕ್ಕೆ ಎರಡು ಅಡಿ, ಡ್ರಿಪ್ ಪೈಪ್ ಮೂರು ಅಡಿಯ ಸಾಲಿನ ನಡುವೆ. ಮೊದಲ ಸೊಪ್ಪು ಸಿಗಲು ಆರು ತಿಂಗಳು, ತೋಟ ಹದಕ್ಕೆ ಬರಲು ಎರಡನೇ ವರ್ಷ. ಆದ್ದರಿಂದಲೇ ಹಸುಗಳನ್ನು ಎರಡು ಕಂತಿನಲ್ಲಿ ಮಾರಬೇಕು: ನಾಟಿಗೆ ಮೊದಲು ಅರ್ಧ, ಆ ದುಡ್ಡು ಸಸಿ ಮತ್ತು ಡ್ರಿಪ್‌ಗೆ. ಉಳಿದರ್ಧ ಮೊದಲ ಬೆಳೆ ಎತ್ತುವ ಹೊತ್ತಿಗೆ, ಆ ದುಡ್ಡು ಹುಳುಮನೆಗೆ. ನಡುವಿನ ತಿಂಗಳುಗಳಲ್ಲಿ ಬಟವಾಡೆ ಮನೆ ನಡೆಸುತ್ತದೆ.

ಎಲ್ಲಕ್ಕಿಂತ ಹೆಚ್ಚು ಜನ ಎಡವುವುದು ಕೊಟ್ಟಿಗೆಯನ್ನು ಹುಳುಮನೆ ಮಾಡುವಾಗ. ಉಣ್ಣೆಗೆ, ನೊಣಕ್ಕೆ ವರ್ಷಗಟ್ಟಲೆ ಹೊಡೆದ ಡೆಲ್ಟಾಮೆಥ್ರಿನ್, ಸೈಪರ್‌ಮೆಥ್ರಿನ್ ಗೋಡೆಯ ಸುಣ್ಣದಲ್ಲಿ, ಮರದ ಕಂಬದಲ್ಲಿ, ತೆಂಗಿನ ನಾರಿನ ಹಗ್ಗದಲ್ಲಿ ಕೂತಿರುತ್ತದೆ. ರೇಷ್ಮೆ ಹುಳುವಿಗೆ ಅದರ ಸೋಂಕೇ ಸಾಕು: ಹುಳು ತಲೆ ಎತ್ತಿ ಆಡಿಸುತ್ತದೆ, ಹಸಿರು ನೀರು ಕಕ್ಕುತ್ತದೆ, ಮುದುಡಿ ಸಾಯುತ್ತದೆ. ಅದನ್ನು ಸಪ್ಪೆ ರೋಗವೆಂದುಕೊಂಡು ಚಾಕಿ ಕೇಂದ್ರದವರ ಜೊತೆ ಜಗಳಕ್ಕೆ ಹೋಗುವವರಿದ್ದಾರೆ. ಹಳೆಯ ಸುಣ್ಣ ಪೂರ್ತಿ ಕೆರೆದು, ವಾಷಿಂಗ್ ಸೋಡಾ ನೀರಲ್ಲಿ ಎರಡು ಮೂರು ಸಲ ಉಜ್ಜಿ ತೊಳೆದು, ಹೊಸ ಸುಣ್ಣ ಹೊಡೆಯಬೇಕು. ಮರ, ಹಗ್ಗ, ಮ್ಯಾಟ್ ಎಲ್ಲ ಹೊರಗೆ. ಗಂಜಲ ಹೀರಿದ ನೆಲವನ್ನು ಅಗೆದು, ಚರಂಡಿ ಮುಚ್ಚಿ, ನುಣುಪು ಕಾಂಕ್ರೀಟ್ ಹಾಕದಿದ್ದರೆ ಅಮೋನಿಯಾ ವಾಸನೆ ಹೋಗುವುದಿಲ್ಲ. ಆಮೇಲೆ ನೆರೆಯವರ ಹುಳುಮನೆಯಿಂದ ಒಂದು ಹಿಡಿ ಹುಳು ತಂದು, ಗೋಡೆಗೆ ತಾಗಿಸಿ ಇಟ್ಟ ಸೊಪ್ಪನ್ನು ತಿನ್ನಿಸಿ ಎರಡು ದಿನ ನೋಡಿ. ಚೆನ್ನಾಗಿದ್ದರೆ ಮಾತ್ರ ಚಾಕಿಗೆ ಮುಂಗಡ ಕೊಡಿ. ದನಕ್ಕೆ ಬಳಸಿದ ಸ್ಪ್ರೇಯರ್ ತೋಟಕ್ಕೂ ಬೇಡ, ಹುಳುಮನೆಗೂ ಬೇಡ.

ಊಜಿ ನೊಣ ಸಗಣಿಯಿಂದ ಹುಟ್ಟುತ್ತದೆ ಎಂಬ ಮಾತಿದೆ. ಹಾಗಲ್ಲ, ಅದು ಹುಳುವಿನ ಮೇಲೇ ಮೊಟ್ಟೆ ಇಡುತ್ತದೆ, ಅದರ ಮರಿ ನೆಲದ ಬಿರುಕಿನಲ್ಲಿ ಕೋಶ ಕಟ್ಟುತ್ತದೆ. ಕಿಟಕಿಗೆಲ್ಲ ನೈಲಾನ್ ಬಲೆ, ಒಳಬರುವಲ್ಲಿ ಎರಡು ಬಾಗಿಲಿನ ಪುಟ್ಟ ಕೋಣೆ, ಬಿರುಕಿಲ್ಲದ ನೆಲ ಇದ್ದರೆ ಹಸು ಪಕ್ಕದಲ್ಲಿದ್ದರೂ ತೊಂದರೆಯಿಲ್ಲ.

20 ಅಡಿ ಅಗಲ, 40 ಅಡಿ ಉದ್ದದ ಕೊಟ್ಟಿಗೆಯಲ್ಲಿ ಹುಳು ಸಾಕುವ ಐದು ಅಡಿ ಅಗಲದ ಎರಡು ಸ್ಟ್ಯಾಂಡು ಹಿಡಿಯುತ್ತವೆ, ಮೂರು ಅಂತಸ್ತಿಗೆ ಸುಮಾರು 1,050 ಚದರಡಿ. ಕೊನೆಯ ಜ್ವರ ಎದ್ದ ಮೇಲೆ 100 ಮೊಟ್ಟೆಯ (ಒಂದು ಚಿಟ್ಟೆ ಇಟ್ಟ ಮೊಟ್ಟೆಗಳ ಗುಂಪನ್ನೇ ನಾವು ಒಂದು ಮೊಟ್ಟೆ ಎನ್ನುವುದು) ಹುಳುವಿಗೆ 600-700 ಚದರಡಿ ಬೇಕು, ಆದ್ದರಿಂದ 150 ಮೊಟ್ಟೆಗಿಂತ ಮೇಲೆ ಹೋಗಬಾರದು. ಸೊಪ್ಪು ಹೆಚ್ಚಿದೆ ಎಂದು 200 ತುಂಬಿಸಿದರೆ ಗಾಳಿಯಾಡದೆ ಹಾಲು ತೊಂಡೆ ರೋಗ ಬರುತ್ತದೆ. ಮಿಕ್ಕ ಸೊಪ್ಪನ್ನು ಮೂಟೆ ಲೆಕ್ಕದಲ್ಲಿ ಮಾರಿ. 100 ಮೊಟ್ಟೆಗೆ 65 ಕಿಲೋ ಗೂಡೆಂದರೆ 150ಕ್ಕೆ 97 ಕಿಲೋ. ಶಿಡ್ಲಘಟ್ಟ ಮಾರ್ಕೆಟ್ಟಿನ ಇವತ್ತಿನ ರೇಟು ಬಿಟ್ಟು ಕಿಲೋಗೆ 450 ರೂಪಾಯಿಗೆ ಲೆಕ್ಕ ಹಾಕಿ, ಚಾಕಿ, ಕೂಲಿ, ಸೋಂಕು ನಿವಾರಕ ಕಳೆದು ಉಳಿಯುತ್ತದೆಯೇ ನೋಡಿಯೇ ಎರಡನೇ ಕಂತಿನ ಹಸುಗಳನ್ನು ಮಾರಿ.

ಉಳಿದ ಎರಡು ಹಸುಗಳಿಗೆ ಹುಳು ತಿಂದು ಬಿಟ್ಟ ಸೊಪ್ಪು ಒಳ್ಳೆಯ ಮೇವು, ಆದರೆ ಎಲ್ಲ ದಿನದ್ದಲ್ಲ. ಜ್ವರಕ್ಕೆ ಸುಣ್ಣ ಉದುರಿಸಿದ ದಿನದ್ದು, ಹುಳುವಿನ ಹಾಸಿಗೆಗೆ ಸೋಂಕು ನಿವಾರಕ ಪುಡಿ ಹಾಕಿದ ಮೇಲಿನದ್ದು, ಸತ್ತ ಹುಳು ಬೆರೆತದ್ದು ನೇರ ಗೊಬ್ಬರದ ಗುಂಡಿಗೆ. ತಿನ್ನಿಸುವುದನ್ನೂ ಬೂಷ್ಟು ಹಿಡಿಯುವ ಮುಂಚೆ ಅದೇ ದಿನ, ಹಿಕ್ಕೆ ಕೊಡವಿ, ರಾಗಿ ಹುಲ್ಲಿನ ಜೊತೆ ಬೆರೆಸಿ ಹಾಕಿ. ಆಗ ಫೀಡ್ ಸ್ವಲ್ಪ ಕಡಿಮೆ ಮಾಡಬಹುದು, ಪೂರ್ತಿ ನಿಲ್ಲಿಸಿದರೆ ಹಾಲು ಇಳಿಯುತ್ತದೆ.